ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ತೊಂದರೆ: ಲಕ್ಷಣ ನೋಡಿ ಕಾರಣ ಹಿಡಿಯುವುದು

ಗೇಮ್ ಕೈಕೊಟ್ಟ ತಕ್ಷಣ ಹೆಚ್ಚಿನವರು ಡ್ರೈವರ್ (ವಿಂಡೋಸ್‌ಗೂ ಕಾರ್ಡ್‌ಗೂ ನಡುವೆ ಕೆಲಸ ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುತ್ತಾರೆ, ಸೆಟ್ಟಿಂಗ್ ಎಲ್ಲ ಇಳಿಸುತ್ತಾರೆ, ಫ್ಯಾನ್ ಜೋರು ಮಾಡುತ್ತಾರೆ. ಮೂರನ್ನೂ ಒಟ್ಟಿಗೆ ಮಾಡಿದರೆ, ತೊಂದರೆ ಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಅದೇ ತೊಂದರೆ ಮತ್ತೆ ಬಂದರೆ ಪುನಃ ಮೊದಲಿನಿಂದ ಶುರು. ಅದಕ್ಕೇ ಈ ಟಿಪ್ಪಣಿಯಲ್ಲಿ ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿ ಹಿಡಿದಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಆಮೇಲೆ ಅದೇ ಗೇಮ್‌ನ ಅದೇ ಜಾಗದಲ್ಲಿ ಆಡಿ ನೋಡಿ.

ಮೊದಲು ಸುಲಭದ್ದು

ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದೆ ನೋಡಿ. ಅದು ಮದರ್‌ಬೋರ್ಡ್‌ನ ಪೋರ್ಟ್‌ನಲ್ಲಿದ್ದರೆ, ಗೇಮ್ ಪ್ರೊಸೆಸರ್ ಒಳಗಿನ ಚಿಕ್ಕ ಗ್ರಾಫಿಕ್ಸ್ ಮೇಲೆ ಓಡುತ್ತಿರಬಹುದು. ಲ್ಯಾಪ್‌ಟಾಪ್‌ನಲ್ಲೂ ಇದೇ ಕಥೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಆ ಗೇಮ್‌ಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಚಾರ್ಜರ್ ಹಾಕಿಯೇ ಪರೀಕ್ಷೆ ಮಾಡಿ, ಏಕೆಂದರೆ ಬ್ಯಾಟರಿಯಲ್ಲಿದ್ದಾಗ ಕಾರ್ಡ್‌ಗೆ ಸಿಗುವ ಪವರ್ ಕಡಿಮೆ. 144 ಹರ್ಟ್ಸ್ ಮಾನಿಟರ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) 60ರಲ್ಲೇ ಉಳಿದಿರುವುದೂ ಉಂಟು, ಅದನ್ನೂ ನೋಡಿಬಿಡಿ.

ನಿಧಾನವಾದರೆ ತಪ್ಪು ಕಾರ್ಡ್‌ದೇನಾ?

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಇದನ್ನು ಕೇಳದೆ ಎಷ್ಟೋ ಜನ ಸುಮ್ನೆ ಹೊಸ ಕಾರ್ಡ್ ಕೊಳ್ಳುತ್ತಾರೆ. ಎಂಎಸ್ಐ ಆಫ್ಟರ್‌ಬರ್ನರ್ ತರಹದ ಸಾಫ್ಟ್‌ವೇರ್ ಹಾಕಿ, ಆಡುವಾಗ ಪರದೆ ಮೇಲೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಮುಖ್ಯ ಚಿಪ್) ಬಳಕೆ, ಬಿಸಿ, ಕ್ಲಾಕ್ (ಚಿಪ್ ಓಡುವ ವೇಗ) ಮತ್ತು ಮೆಮೊರಿ ಕಾಣುವಂತೆ ಮಾಡಿಕೊಳ್ಳಿ. ಜಿಪಿಯು ಬಳಕೆ 95 ಶೇಕಡಾ ದಾಟಿದ್ದರೆ ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿದೆ. ಆಗ ನೆರಳು, ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ತೋರಿಸುವ ಸೆಟ್ಟಿಂಗ್), ರೆಸಲ್ಯೂಷನ್ ಇಳಿಸಿದರೆ ಲಾಭ ಸಿಗುತ್ತದೆ.

ಬಳಕೆ 50–60 ಶೇಕಡಾದಲ್ಲೇ ನಿಂತು ಫ್ರೇಮ್ (ಸೆಕೆಂಡಿಗೆ ತಯಾರಾಗುವ ಚಿತ್ರಗಳ ಸಂಖ್ಯೆ) ಕೂಡ ಕಡಿಮೆ ಇದ್ದರೆ ಕಾರ್ಡ್ ಕೆಲಸಕ್ಕಾಗಿ ಕಾಯುತ್ತಿದೆ ಅಂತ ಅರ್ಥ. ವಿ-ಸಿಂಕ್ (ಫ್ರೇಮ್ ಅನ್ನು ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಅಥವಾ ಫ್ರೇಮ್ ಮಿತಿ ಹಾಕಿಲ್ಲ ಅಂತ ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ರೆಸಲ್ಯೂಷನ್ ಅನ್ನು ಬೇಕೆಂತಲೇ ತುಂಬಾ ಇಳಿಸಿ. ಫ್ರೇಮ್ ಏರಿದರೆ ಮಿತಿ ಕಾರ್ಡ್‌ನದು. ಏರದಿದ್ದರೆ ಪ್ರೊಸೆಸರ್ ಕಡೆ ನೋಡಬೇಕು. ಇಲ್ಲಿ ಟಾಸ್ಕ್ ಮ್ಯಾನೇಜರ್‌ನ ಒಟ್ಟು ಸಿಪಿಯು ಅಂಕಿ ನಂಬಬೇಡಿ. 8 ಕೋರ್‌ಗಳಲ್ಲಿ ಒಂದೇ ಕೋರ್ ಪೂರ್ತಿ ತುಂಬಿದರೂ ಒಟ್ಟು ಅಂಕಿ ಚಿಕ್ಕದೇ ಕಾಣುತ್ತದೆ, ಆದರೆ ಗೇಮ್ ಆ ಒಂದು ಕೋರ್‌ಗೇ ಕಾಯುತ್ತಿರಬಹುದು.

ತಡೆದು ತಡೆದು ಓಡಿದರೆ

ಸರಾಸರಿ 60 ಫ್ರೇಮ್ ಇದ್ದರೂ ಆಟ ಜರ್ಕ್ ಹೊಡೆಯಬಹುದು. 60 ಫ್ರೇಮ್ ಅಂದರೆ ಪ್ರತಿ ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ 80 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ಹೊಡೆದಂತೆ ಗೊತ್ತಾಗುತ್ತದೆ, ಸರಾಸರಿಯಲ್ಲಿ ಮಾತ್ರ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಫ್ರೇಮ್ ಟೈಮ್ ಗೆರೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹೊಸ ಜಾಗಕ್ಕೆ ಮೊದಲ ಸಲ ಹೋದಾಗ ಮಾತ್ರ ತಡೆದು, ಎರಡನೇ ಸಲ ಸರಿ ಇದ್ದರೆ ಅದು ಬಹುತೇಕ ಶೇಡರ್ (ಬೆಳಕು, ಬಣ್ಣ ಹೇಗೆ ಬರಬೇಕು ಅಂತ ಕಾರ್ಡ್‌ಗೆ ಹೇಳುವ ಚಿಕ್ಕ ಪ್ರೋಗ್ರಾಂ) ಕಂಪೈಲ್ ಆಗುವ, ಅಂದರೆ ತಯಾರಾಗುವ ತೊಂದರೆ. ಡ್ರೈವರ್ ಬದಲಿಸಿದ ಮೇಲೆ ಶೇಡರ್‌ಗಳು ಮತ್ತೆ ತಯಾರಾಗಬೇಕು, ಅದಕ್ಕೇ ಅಪ್‌ಡೇಟ್ ಆದ ದಿನ ಆಟ ಒರಟಾಗಿ ಕಾಣುವುದು. ಆಡುತ್ತಾ ಆಡುತ್ತಾ ತಡೆಯುವುದು ಜಾಸ್ತಿ ಆದರೆ ವಿಡಿಯೋ ಮೆಮೊರಿ ನೋಡಿ. 8 ಜಿಬಿ ಕಾರ್ಡ್‌ನಲ್ಲಿ ಮೆಮೊರಿ ತುಂಬಿದರೆ ಉಳಿದ ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮಾಮೂಲಿ ರ‍್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಮದರ್‌ಬೋರ್ಡ್‌ಗೆ ಸೇರುವ ಸ್ಲಾಟ್) ದಾರಿಯಲ್ಲಿ ವಾಪಸ್ ತರಲು ಹೊತ್ತು ಹಿಡಿಯುತ್ತದೆ. ಇಂಥ ಹೊತ್ತಲ್ಲಿ ಟೆಕ್ಸ್ಚರ್ ಒಂದನ್ನೇ ಒಂದು ಹಂತ ಇಳಿಸಿದರೆ ಸಾಕಾಗಬಹುದು, ಉಳಿದದ್ದನ್ನು ಮುಟ್ಟುವುದೇ ಬೇಡ.

ಬಿಸಿ

ಆಡುವಾಗ 65ರಿಂದ 80 ಡಿಗ್ರಿ ಸೆಲ್ಸಿಯಸ್ ಸಹಜ. ಮಿತಿ ಮುಟ್ಟಿದಾಗ ಕಾರ್ಡ್ ತಾನೇ ಕ್ಲಾಕ್ ಇಳಿಸಿಕೊಳ್ಳುತ್ತದೆ. ಬಿಸಿ ಏರಲು ಹೊತ್ತು ಬೇಕು, ಆದ್ದರಿಂದ ಬಿಸಿಯ ತೊಂದರೆ ಹೆಚ್ಚಾಗಿ ಆಟ ಶುರುವಾದ ಕೂಡಲೇ ಕಾಣದೆ ಆಮೇಲೆ ಬರುತ್ತದೆ. ಕೋರ್ ಬಿಸಿಗೂ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ಬಿಸಿಗೂ 10–15 ಡಿಗ್ರಿ ಅಂತರ ಸಾಮಾನ್ಯ. ಅದು 30ರ ಆಸುಪಾಸಿಗೆ ಹೋದರೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಅಂಟು) ಒಣಗಿದೆ ಅಥವಾ ಬಿಸಿ ಹೊರಹಾಕುವ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಂತ ಅನುಮಾನಪಡಬಹುದು. ಧೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಅಂದಹಾಗೆ, ಗೇಮ್ ಓಡದೆ ಕಂಪ್ಯೂಟರ್ ಸುಮ್ಮನಿರುವಾಗ ಫ್ಯಾನ್ ನಿಂತಿದ್ದರೆ ಗಾಬರಿ ಬೇಡ, ಈಗಿನ ಎಷ್ಟೋ ಕಾರ್ಡ್‌ಗಳ ಗುಣವೇ ಅದು.

ಪರದೆ ಕಪ್ಪಾದರೆ, ಗೇಮ್ ಮುಚ್ಚಿಹೋದರೆ

ಎರಡು ಬಗೆಯನ್ನು ಬೇರೆ ಮಾಡಿ ನೋಡಬೇಕು. ಪರದೆ ಕಪ್ಪಾಗಿ, ಕ್ಷಣದಲ್ಲಿ ಡೆಸ್ಕ್‌ಟಾಪ್ ವಾಪಸ್ ಬಂದು, ಗೇಮ್ ಮಾತ್ರ ಹೋಗಿದ್ದರೆ ಅದು ಡ್ರೈವರ್ ಟೈಮ್‌ಔಟ್. ವಿಂಡೋಸ್ ಕಾರ್ಡ್‌ನ ಉತ್ತರಕ್ಕೆ ಸಾಮಾನ್ಯವಾಗಿ 2 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಡ್ರೈವರನ್ನು ರೀಸೆಟ್ ಮಾಡುತ್ತದೆ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂಯರ್‌ನಲ್ಲಿ 4101 ಅನ್ನುವ ಸಂಖ್ಯೆ ಇದರ ಗುರುತು. ಈ 2 ಸೆಕೆಂಡ್ ಮಿತಿಯನ್ನು ರಿಜಿಸ್ಟ್ರಿಯಲ್ಲಿ ಹೆಚ್ಚಿಸಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ, ಏಕೆಂದರೆ ಕಾರಣ ಹಾಗೇ ಉಳಿದು ಲಕ್ಷಣ ಮಾತ್ರ ಮರೆಯಾಗುತ್ತದೆ. ಓವರ್‌ಕ್ಲಾಕ್ (ಕ್ಲಾಕ್ ಅನ್ನು ಮಾಮೂಲಿಗಿಂತ ಏರಿಸಿರುವುದು) ಇದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಸಾಫ್ಟ್‌ವೇರ್) ಬಳಸಿ ಹಳೆಯ ಡ್ರೈವರ್ ಪೂರ್ತಿ ಅಳಿಸಿ, ಹೊಸದಾಗಿ ಹಾಕಿ. ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಿಂದಿನ ಆವೃತ್ತಿಗೆ ಹೋಗಿ.

ಇಡೀ ಕಂಪ್ಯೂಟರ್ ಪಟ್ಟನೆ ಆಫ್ ಆದರೆ ಅಥವಾ ರೀಸ್ಟಾರ್ಟ್ ಆದರೆ ಅನುಮಾನ ಪವರ್ ಸಪ್ಲೈ ಕಡೆ ಹೋಗಬೇಕು. ಸ್ಲಾಟ್ ಕೊಡುವುದು 75 ವಾಟ್ ಮಾತ್ರ, 8 ಪಿನ್ ಕೇಬಲ್ 150 ವಾಟ್. ಆದರೆ ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಎಷ್ಟೋ ಹೆಚ್ಚು ಎಳೆಯಬಹುದು, ಆಗ ಪವರ್ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯುವ ಪವರ್‌ನ ಮಿತಿ) ಅನ್ನು 75 ಶೇಕಡಾಕ್ಕೆ ಇಳಿಸಿ ಆಡಿ ನೋಡಿ. ರೀಸ್ಟಾರ್ಟ್ ನಿಂತರೆ ಸುಳಿವು ಸಿಕ್ಕಂತೆ. ಈವೆಂಟ್ ವ್ಯೂಯರ್‌ನ ಕರ್ನಲ್-ಪವರ್ 41 ನೋಡಿ ಪವರ್ ಸಪ್ಲೈ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದು ಹೇಳುತ್ತದೆ. 16 ಪಿನ್ ಕನೆಕ್ಟರ್ ಇರುವ ಕಾರ್ಡ್ ಆದರೆ ಅದು ಕೊನೆಯವರೆಗೂ ಕೂತಿದೆಯಾ ಅಂತ ಆಫ್ ಮಾಡಿ ನೋಡಿ. ಅರ್ಧ ಕೂತ ಕನೆಕ್ಟರ್ ಕರಗುವ ಅಪಾಯ ಇದೆ.

ಬಣ್ಣದ ಚುಕ್ಕೆ, ಮುರಿದ ಚಿತ್ರ

ಚುಕ್ಕೆ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಫೋನ್‌ನಲ್ಲಿ ನೋಡಿ. ಅದರಲ್ಲಿ ಚುಕ್ಕೆ ಇಲ್ಲದಿದ್ದರೆ ಹೆಚ್ಚಾಗಿ ಕೇಬಲ್ ಅಥವಾ ಮಾನಿಟರ್ ತೊಂದರೆ. ಇದ್ದರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ. ಒಂದೇ ಗೇಮ್‌ನಲ್ಲಿ ಬಂದರೆ ಗೇಮ್ ಫೈಲ್‌ಗಳನ್ನು ವೆರಿಫೈ ಮಾಡಿ, ಡ್ರೈವರ್ ನೋಡಿ. ಎಲ್ಲ ಗೇಮ್‌ಗಳಲ್ಲಿ ಬಂದರೆ ಮೆಮೊರಿ ಕ್ಲಾಕ್ ಸ್ವಲ್ಪ ಇಳಿಸಿ ನೋಡಿ, ಚುಕ್ಕೆ ಹೋದರೆ ವಿಡಿಯೋ ಮೆಮೊರಿ ಸೋಲುತ್ತಿದೆ. ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಸಾಫ್ಟ್‌ವೇರ್) ಪರದೆಯಲ್ಲೇ ಚುಕ್ಕೆ ಇದ್ದರೆ ಅಲ್ಲಿ ವಿಂಡೋಸ್ ಡ್ರೈವರ್ ಇನ್ನೂ ಬಂದೇ ಇಲ್ಲ ಅಲ್ವಾ, ಹಾಗಾಗಿ ಹಾರ್ಡ್‌ವೇರ್ ದೋಷ ಅಂತಲೇ ಹಿಡಿಯಬಹುದು. ಕಾರ್ಡನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಇನ್ನೊಮ್ಮೆ ನೋಡಿ, ಅಲ್ಲೂ ಬಂದರೆ ವಾರಂಟಿಗೆ ಕಳಿಸಿ. ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಸರಿಹೋಗುತ್ತದೆ ಅನ್ನುವ ಮಾತು ಕೇಳಬೇಡಿ. ಸ್ವಲ್ಪ ದಿನ ಓಡಿದಂತೆ ಕಂಡರೂ ಮತ್ತೆ ಕೆಡುತ್ತದೆ, ಹೊಗೆ ಆರೋಗ್ಯಕ್ಕೆ ಕೆಟ್ಟದ್ದು, ವಾರಂಟಿಯೂ ಹೋಗುತ್ತದೆ.