ಬಂಡೆಯ ಸಂದಿನ ಮಾಗಳಿ ಬೇರು

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿಗಳ ಕಡೆಗೆ ಸಾಗುವ ದಾರಿಯಲ್ಲಿ ತುಮಕೂರು ಜಿಲ್ಲೆಯ ಕಲ್ಲುಬೆಟ್ಟಗಳ ಸಾಲು ಕಾಣಿಸುತ್ತದೆ. ಮಲೆನಾಡನ್ನು ನೋಡಿ ಬಂದವರಿಗೆ ಇಲ್ಲಿನ ಕುರುಚಲು ಕಾಡು ಬಡವಾಗಿ ತೋರಬಹುದು. ತಪ್ಪಲಿನ ಹಳ್ಳಿಗಳ ಬದುಕು ಮಾತ್ರ ಬಹುಕಾಲ ಈ ಕುರುಚಲನ್ನೇ ನೆಚ್ಚಿಕೊಂಡಿತ್ತು. ತಂಗಡಿಯ ತೊಗಟೆ ಚರ್ಮ ಹದಮಾಡಲು ಒದಗುತ್ತಿತ್ತು, ಲಕ್ಕಿ ಸೊಪ್ಪು ಕಾಳಿಗೆ ಹುಳು ಬೀಳದಂತೆ ಕಾಯುತ್ತಿತ್ತು, ಹೊಂಗೆಯ ಸೊಪ್ಪು ಮತ್ತು ಹಿಂಡಿ ಹೊಲಗದ್ದೆಗೆ ಗೊಬ್ಬರವಾಗುತ್ತಿದ್ದವು. ಹೊಂಗೆ ಬೀಜದಲ್ಲಿರುವ ಕರಂಜಿನ್ ಎಂಬ ಪದಾರ್ಥವು ಮಣ್ಣಿನ ಸಾರಜನಕ ಬೇಗನೆ ನೈಟ್ರೇಟಾಗಿ ನೀರಿನೊಡನೆ ಇಳಿದುಹೋಗುವುದನ್ನು ನಿಧಾನಗೊಳಿಸುತ್ತದೆ ಎಂಬುದು ವಿಜ್ಞಾನಿಗಳಿಗೆ ಗೊತ್ತಾದದ್ದು ಬಹಳ ತಡವಾಗಿ.

ಈ ಬೆಟ್ಟಗಳ ಗಿಡಗಳಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಮಾಗಳಿ. ಸಸ್ಯಶಾಸ್ತ್ರದಲ್ಲಿ ಇದು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ದಕ್ಷಿಣ ಭಾರತದ ಒಣ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಬಂಡೆಗಳ ಸಂದಿನಲ್ಲಿ ಬೇರುಬಿಟ್ಟು ಪಕ್ಕದ ಪೊದೆಗಳ ಮೇಲೆ ಹಬ್ಬುವ ಈ ಬಳ್ಳಿಯ ಎಲೆಯನ್ನು ಕಿತ್ತರೆ ಹಾಲು ಒಸರುತ್ತದೆ. ನೆಲದೊಳಗೆ ಒಂದೇ ಬುಡದಿಂದ ಹಲವು ಕೊಬ್ಬಿದ ಬೇರುಗಳು ಗೊಂಚಲಾಗಿ ಇಳಿದಿರುತ್ತವೆ. ಹಸಿ ಬೇರಿನ ಒಂದು ಚೂರನ್ನು ಅಗಿದರೆ ಮೊದಲು ಸಿಹಿ, ಆಮೇಲೆ ನಾಲಗೆ ಜುಮ್ಮೆನ್ನುತ್ತದೆ.

ಅದರ ವಾಸನೆಯ ವಿಷಯದಲ್ಲಿ ಜನ ಎರಡು ಪಂಗಡವಾಗುತ್ತಾರೆ: ಕೆಲವರಿಗೆ ಅದು ತಿಗಣೆ ವಾಸನೆ, ಉಳಿದವರಿಗೆ ಬಾಯಲ್ಲಿ ನೀರೂರಿಸುವ ಪರಿಮಳ. ಎರಡಕ್ಕೂ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್ ಎಂಬ ಒಂದೇ ಸಂಯುಕ್ತ. ವೆನಿಲಾಕ್ಕೆ ಪರಿಮಳ ಕೊಡುವ ವೆನಿಲಿನ್‌ನಲ್ಲಿ ಇರುವಂತೆಯೇ ಇದರ ಅಣುವಿನಲ್ಲೂ 8 ಇಂಗಾಲ, 8 ಜಲಜನಕ, 3 ಆಮ್ಲಜನಕ ಪರಮಾಣುಗಳಿವೆ. ಅವುಗಳ ಜೋಡಣೆ ಮಾತ್ರ ಬೇರೆ. ಮಾಗಳಿಯ ಅಣುವಿನಲ್ಲಿ ಹೈಡ್ರಾಕ್ಸಿಲ್ ಮತ್ತು ಆಲ್ಡಿಹೈಡ್ ಗುಂಪುಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಅವು ಅಣುವಿನೊಳಗೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಹೀಗಾಗಿ ನೆರೆಯ ಅಣುಗಳೊಡನೆ ಅವುಗಳ ಬಂಧ ಸಡಿಲವಾಗುತ್ತದೆ. ವೆನಿಲಿನ್ ಕರಗಲು ಸುಮಾರು 82 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಇದಕ್ಕೆ ಸುಮಾರು 42 ಡಿಗ್ರಿ ಸಾಕು. ಇದು ಸುಲಭವಾಗಿ ಆವಿಯಾಗುವ ಗುಣದ್ದಾದ್ದರಿಂದಲೇ ಮಾಗಳಿ ಉಪ್ಪಿನಕಾಯಿಯ ಒಂದು ಭರಣಿಯ ಮುಚ್ಚಳ ತೆಗೆದರೆ ಮನೆಗೆಲ್ಲ ಗೊತ್ತಾಗಿಬಿಡುತ್ತದೆ.

ಉಪ್ಪಿನಕಾಯಿ ಹಾಕುವ ಕ್ರಮದಲ್ಲೂ ಈ ತಿಳಿವಳಿಕೆ ಅಡಗಿದೆ. ಬೇರನ್ನು ನೆನೆಸಿ, ಮಣ್ಣು ಹೋಗುವಂತೆ ತಿಕ್ಕಿ ತೊಳೆದು, ಕಂದು ಸಿಪ್ಪೆಯನ್ನು ಹೆರೆದು, ನಡುವಿನ ಗಟ್ಟಿ ನಾರನ್ನು ತೆಗೆದು, ಹೆಚ್ಚಿದ ಹೋಳುಗಳನ್ನು ಕಪ್ಪಾಗದಂತೆ ಕೂಡಲೇ ಮಜ್ಜಿಗೆಗೆ ಹಾಕುತ್ತಾರೆ. ಬೇಯಿಸುವುದಿಲ್ಲ, ಬೇಯಿಸಿದರೆ ಪರಿಮಳ ಹಬೆಯೊಡನೆ ಹೊರಟುಹೋಗುತ್ತದೆ. ಉಪ್ಪು, ನಿಂಬೆರಸ, ಸಾಸಿವೆ, ಮೆಣಸಿನಪುಡಿ ಬೆರೆತ ಮೇಲೆ ಇದು ಬಹುಕಾಲ ಕೆಡದೆ ನಿಲ್ಲುತ್ತದೆ. ಈ ಬೇರಿನ ಸಾರಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿಯಿದೆ. ದಾಸ್ತಾನು ಕಾಳಿಗೆ ಬೀಳುವ ಹುಳುಗಳನ್ನು ಕೊಲ್ಲುವ ಗುಣವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದ್ದಾರೆ.

ಇಷ್ಟೆಲ್ಲ ಬೇರಿನ ಉಪಯೋಗದ ಮಾತಾಯಿತು. ಅದನ್ನು ಎಷ್ಟು ಅಗೆಯಬೇಕು, ಎಷ್ಟು ಬಿಡಬೇಕು ಎಂಬ ತಿಳಿವಳಿಕೆ ಅದಕ್ಕಿಂತ ದೊಡ್ಡದೆಂದು ನನ್ನ ಎಣಿಕೆ. ಮುಂದಿನ ವರ್ಷವೂ ಅದೇ ಬಂಡೆಯ ಬಳಿಗೆ ಬರಬೇಕಾದವರು ಬುಡವನ್ನು ಒಂದೇ ಮಗ್ಗುಲಿನಿಂದ ಬಿಡಿಸಿ, ಬಲಿತ ಕೆಲವು ಬೇರುಗಳನ್ನಷ್ಟೇ ಕತ್ತರಿಸಿಕೊಂಡು, ಉಳಿದವುಗಳ ಮೇಲೆ ಮಣ್ಣು ಎಳೆಯುತ್ತಾರೆ. ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಆ ವ್ಯವಧಾನವಿರುವುದಿಲ್ಲ. ಬುಡವೇ ಮೇಲೆ ಬರುತ್ತದೆ. ಔಷಧಿಗೂ ಶರಬತ್ತಿಗೂ ಬೇಕಾದ ಸೊಗದೆ ಬೇರಿನಲ್ಲೂ ಇದೇ ಸುಗಂಧ ಪದಾರ್ಥವಿದೆ. ಆದರೆ ಆ ಬೇರು ಸಣಕಲು, ಮಾಗಳಿಯದು ದಪ್ಪ. ಹಾಗಾಗಿ ಅದರ ಬದಲಿಗೂ ಮಾಗಳಿಯೇ ಮಾರಾಟವಾಗುತ್ತದೆ. ಉಪ್ಪಿನಕಾಯಿಯ ಬೇಡಿಕೆಗೆ ಈ ಬೇಡಿಕೆಯೂ ಸೇರಿ ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಮಾಗಳಿಯ ಹೆಸರು ಅಪಾಯದಲ್ಲಿರುವ ಸಸ್ಯಗಳ ಸಾಲಿನಲ್ಲಿದೆ.

ಅಂಗಾಂಶ ಕೃಷಿಯಿಂದ, ಎಂದರೆ ಗಿಡದ ಸಣ್ಣ ತುಣುಕಿನಿಂದ, ಇದರ ಸಸಿಗಳನ್ನು ಬೆಳೆಸುವ ವಿಧಾನಗಳು ಪ್ರಯೋಗಾಲಯಗಳಲ್ಲಿ ಸಿದ್ಧವಾಗಿವೆ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಕಲ್ಲು ಹೆಚ್ಚಿರುವ ಬದುಗಳಿಗೆ ಕೊರತೆಯಿಲ್ಲ. ಆ ಸಸಿಗಳು ಬದುಗಳ ಬೇಲಿಗೆ ಬಂದರೆ ಉಪ್ಪಿನಕಾಯಿಗೆ ಬೇಕಾದ ಬೇರು ಹೊಲದಲ್ಲೇ ಸಿಗುತ್ತದೆ, ಬೆಟ್ಟದ ಬಳ್ಳಿಗೆ ಬೀಜ ಕಟ್ಟಲು ಬಿಡುವು ದೊರೆಯುತ್ತದೆ.