ಏಪ್ರಿಲ್ ಫೋಟೊ ಹಿಡಿದು ಡಿಸೆಂಬರ್‌ನಲ್ಲಿ ಕಬಿನಿಗೆ ಬರಬೇಡಿ

ದೀಪಾವಳಿ ಮುಗಿಯುವುದೇ ತಡ, ನನ್ನ ಫೋನಿಗೆ ಬಿಡುವಿಲ್ಲ. "ಕ್ರಿಸ್‌ಮಸ್ ರಜೆಗೆ ಕಬಿನಿಗೆ ಹೋಗಬೇಕು, ಒಂದು ರಾತ್ರಿ ಸಾಕು, ಹುಲಿ ಪಕ್ಕಾ ತಾನೆ?" ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುತ್ತದೆ. ಹಿನ್ನೀರಿನ ದಡದ ಹುಲ್ಲಿನ ಮೇಲೆ ನಲವತ್ತು ಐವತ್ತು ಆನೆಗಳು, ಹಿಂದೆ ನೀರು, ಮೇಲೆ ಮೋಡ. "ಇಂಥದ್ದು ನೋಡಬೇಕು ಸರ್, ಮಕ್ಕಳಿಗೆ ತೋರಿಸಬೇಕು."

ಮೈಸೂರಿನಲ್ಲಿ ಕೂತು ನಾಗರಹೊಳೆ, ಬಂಡೀಪುರದ ಪ್ರವಾಸ ಏರ್ಪಾಡು ಮಾಡುವ ಕೆಲಸಕ್ಕೆ ನನಗೆ ಹದಿನೆಂಟು ವರ್ಷ. ಅದಕ್ಕೂ ಮೊದಲು ಜೀಪಿನಲ್ಲಿ ಜನರನ್ನು ಕಾಡಿಗೆ ಕರೆದೊಯ್ಯುತ್ತಿದ್ದೆ. ಆ ಫೋಟೊ ನೋಡಿದ ಕೂಡಲೇ ಹೇಳಬಲ್ಲೆ, ಅದು ಏಪ್ರಿಲ್ ಅಥವಾ ಮೇ ತಿಂಗಳದ್ದು. ಡಿಸೆಂಬರ್‌ನಲ್ಲಿ ಆ ಆನೆಗಳು ನಿಂತಿರುವ ಜಾಗವೇ ನೀರಿನೊಳಗಿರುತ್ತದೆ.

ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಗರಹೊಳೆ, ಬಂಡೀಪುರ ಕಾಡುಗಳ ನಡುವೆ ಇರುವ ಕಬಿನಿ ಹಿನ್ನೀರು ತಾನಾಗಿ ಹುಟ್ಟಿದ ಸರೋವರ ಅಲ್ಲ. 1974ರಲ್ಲಿ ಬೀಚನಹಳ್ಳಿ ಹತ್ತಿರ ಕಟ್ಟಿದ ಅಣೆಕಟ್ಟಿನ ನೀರು. ವಯನಾಡಿನಲ್ಲಿ ಮುಂಗಾರು ಹೊಯ್ದರೆ ಜುಲೈ, ಆಗಸ್ಟ್ ಹೊತ್ತಿಗೆ ತುಂಬುತ್ತದೆ. ಆಮೇಲೆ ಹಿಂಗಾರು ಬರುತ್ತದೆ. ಹೀಗಾಗಿ ಒಳ್ಳೆ ಮಳೆಯಾದ ವರ್ಷ ಡಿಸೆಂಬರ್‌ನಲ್ಲಿ ನೀರು ಕಾಡಿನ ಅಂಚಿನ ತನಕ ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದ ಮಣ್ಣು ಬಯಲಾಗುತ್ತದೆ, ಅದರ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಅಷ್ಟರಲ್ಲಿ ಒಳಗಿನ ಕೆರೆ, ಕಟ್ಟೆ, ಹಳ್ಳ ಎಲ್ಲ ಒಣಗಿರುತ್ತವೆ. ಆಗ ಬಂಡೀಪುರ, ವಯನಾಡು, ಮುದುಮಲೆ ಕಡೆಯ ಆನೆಗಳೂ ಇಲ್ಲಿಗೇ ಬರುತ್ತವೆ. ನೀರೂ ಇಲ್ಲೇ, ಮೇವೂ ಇಲ್ಲೇ. ನೀವು ಕಳಿಸುವ ಫೋಟೊದ ಹಿಂದಿನ ಕಥೆ ಇಷ್ಟೆ.

ಚಳಿಗಾಲದಲ್ಲಿ ಇದೆಲ್ಲ ತಿರುಗುಮುರುಗು. ಕಾಡಿನ ಒಳಗೆ ಪ್ರತಿ ಗುಂಡಿಯಲ್ಲೂ ನೀರಿದೆ. ಪ್ರಾಣಿಗೆ ನೀರು ಹುಡುಕಿ ದಡಕ್ಕೆ ಬರುವ ದರ್ದಿಲ್ಲ. ಮಳೆಗೆ ಬೆಳೆದ ಲಂಟಾನ ರಸ್ತೆಯ ಎರಡೂ ಬದಿ ಗೋಡೆ ಕಟ್ಟಿದಂತೆ ನಿಂತಿರುತ್ತದೆ. ಇಪ್ಪತ್ತು ಅಡಿ ಆಚೆ ಹುಲಿ ಮಲಗಿದ್ದರೂ ಕಾಣುವುದಿಲ್ಲ. 2022ರ ಗಣತಿಯಲ್ಲಿ ಬಂಡೀಪುರದೊಳಗೆ 150, ನಾಗರಹೊಳೆಯೊಳಗೆ 141 ಹುಲಿ ಎಂದು ಬಂತು. ಜನ ಈ ಅಂಕಿ ನೋಡಿ "ಇಷ್ಟೊಂದಿವೆ, ಒಂದೂ ಕಾಣಲ್ವಾ?" ಅಂತ ಕೇಳುತ್ತಾರೆ. ಹುಲಿಯ ಕಾಡಿನ ಒಳಭಾಗದಲ್ಲಿ ಪ್ರವಾಸಿಗರಿಗೆ ಬಿಡುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತು ಪಾಲು. ಉಳಿದ ಎಂಬತ್ತು ಪಾಲಿನಲ್ಲಿ ಅವು ತಮ್ಮ ಪಾಡಿಗೆ ಇರುತ್ತವೆ. ಹಾಗೇ ಇರಬೇಕು.

ಹಾಗಂತ ಡಿಸೆಂಬರ್‌ನಲ್ಲಿ ಹುಲಿ ಕಾಣುವುದೇ ಇಲ್ಲ ಅಂತಲ್ಲ. ಕಂಡವರಿದ್ದಾರೆ, ನಾನೂ ಕಂಡಿದ್ದೇನೆ. ಆದರೆ ಒಂದು ರಾತ್ರಿ, ಎರಡು ಸಫಾರಿಯಲ್ಲಿ ಪಕ್ಕಾ ಅಂತ ಯಾರಾದರೂ ಹೇಳಿದರೆ ಅವರಿಗೆ ದುಡ್ಡು ಕೊಡಬೇಡಿ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಕುಟುಂಬ ಡಿಸೆಂಬರ್ 26ಕ್ಕೆ ಬಂತು. ಗಂಡ ಹೆಂಡತಿ, ಇಬ್ಬರು ಮಕ್ಕಳು, ಎಂಬತ್ತು ದಾಟಿದ ಅಜ್ಜಿ. ಮೊದಲ ಸಫಾರಿಯಲ್ಲಿ ಜಿಂಕೆ, ನವಿಲು, ದೂರದಲ್ಲಿ ಒಂದು ಒಂಟಿ ಸಲಗ. ಯಜಮಾನರಿಗೆ ಸಿಟ್ಟು ಬಂತು. "ಬೇರೆ ಕಡೆ ಹೊಡಿಯಪ್ಪ, ಸ್ಪೀಡಾಗಿ ಹೋಗು, ಟಿಪ್ಸ್ ಕೊಡ್ತೀನಿ" ಅಂತ ಡ್ರೈವರ್‌ಗೆ ಒತ್ತಾಯ. ಆ ಹುಡುಗ ಹಾಡಿಯವನು, ಅಂದರೆ ಕಾಡಿನ ಆದಿವಾಸಿ ಊರಿನವನು, ಕಾಡನ್ನು ಅಂಗೈಯಂತೆ ಬಲ್ಲವನು. ಎದುರು ಮಾತಾಡಲಾರದೆ ಸುಮ್ನೆ ತಲೆ ತಗ್ಗಿಸಿದ. ನನಗೆ ಈಗಲೂ ಅದು ನೆನಪಾದರೆ ಬೇಜಾರಾಗುತ್ತದೆ. ವೇಗ ಹೆಚ್ಚಿಸಿದರೆ ಅವನ ಕೆಲಸ ಹೋಗುತ್ತದೆ. ರಸ್ತೆ ದಾಟುವ ಜಿಂಕೆಯ ಜೀವವೂ ಹೋಗಬಹುದು.

ಮಾರನೆಯ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಮಂಜು ಎಷ್ಟಿತ್ತೆಂದರೆ ಮುಂದಿನ ಜೀಪು ಕಾಣುತ್ತಿರಲಿಲ್ಲ. ಒಂದು ತಿರುವಿನಲ್ಲಿ ಹುಡುಗ ಎಂಜಿನ್ ಆಫ್ ಮಾಡಿದ. ಕಡವೆ ಕೂಗಿತು. ಒಂದೇ ಸಲ, ದಪ್ಪ ದನಿಯಲ್ಲಿ. ಮತ್ತೆ ಕೂಗಿತು. ಹುಲಿ, ಚಿರತೆಯ ಸುಳಿವು ಸಿಕ್ಕಾಗ ಇವು ಹೀಗೆ ಎಚ್ಚರಿಕೆಯ ಕೂಗು ಹಾಕುತ್ತವೆ, ಅದನ್ನೇ ನಾವು ಕಾಲ್ ಅನ್ನುವುದು. ಜಿಂಕೆ ಸುಳ್ಳು ಕಾಲ್ ಕೊಡುವುದುಂಟು, ಕಡವೆ ಬಿಟ್ಟೂ ಬಿಟ್ಟೂ ಕೂಗಿದರೆ ಮಾತ್ರ ನಾವು ಕಿವಿ ನಿಮಿರಿಸುತ್ತೇವೆ. ಇಪ್ಪತ್ತು ನಿಮಿಷ ಕಾದೆವು. ಹುಲಿ ಬರಲಿಲ್ಲ. ಬಂದದ್ದು ಸೀಳುನಾಯಿಗಳು, ಏಳು. ಒದ್ದೆ ರಸ್ತೆಯ ಮೇಲೆ ಕೆಂಪಗೆ, ಸಾಲಾಗಿ, ಸದ್ದಿಲ್ಲದೆ ಬಂದು ಜೀಪಿನ ಪಕ್ಕದಲ್ಲೇ ಹಾದು ಹೋದವು. ಅಜ್ಜಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ತಾವು ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಇಲ್ಲೇ ಕಾಕನಕೋಟೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವುದನ್ನು, ನೋಡಲು ಬಂದಿದ್ದರಂತೆ. "ಆ ಹೊಳೆ ಎಲ್ಲಪ್ಪಾ?" ಅಂತ ಕೇಳಿದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಹೊಳೆಯ ದಂಡೆ ಈಗ ಈ ನೀರಿನ ಕೆಳಗೇ ಇದೆ ಅಜ್ಜಿ, ಅಂದೆ. ಬಹಳ ಹೊತ್ತು ನೀರನ್ನೇ ನೋಡುತ್ತಾ ಕೂತರು.

ಚಳಿಗಾಲಕ್ಕೆ ತನ್ನದೇ ಸೊಗಸಿದೆ. ಸೀಳುನಾಯಿ ಮರಿ ಹಾಕುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. ಗೂಡಿನ ಮರಿಗಳಿಗೆ ಉಣಿಸಲು ದೊಡ್ಡವು ದಿನವೂ ಬೇಟೆಗೆ ಓಡಾಡುತ್ತವೆ. 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲೇ ಕೂತು ಅವುಗಳ ಬದುಕನ್ನು ಅಭ್ಯಾಸ ಮಾಡಿದ್ದರು. ದೂರದ ನಾಡಿನ ಹಕ್ಕಿಗಳು ಬಂದಿರುತ್ತವೆ. ದಾರಿಯಲ್ಲಿ ನಂಜನಗೂಡಿನ ಕಡೆ ಹದಿನಾರು ಕೆರೆಗೆ ತಿರುಗಿ ನೋಡಿ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ತುಂಬ ಇರುತ್ತವೆ. ಅದಕ್ಕೆ ಟಿಕೆಟ್ಟೂ ಇಲ್ಲ, ಜೀಪೂ ಬೇಡ.

ದಿನ ನಿಮ್ಮ ಕೈಯಲ್ಲಿದ್ದರೆ ಡಿಸೆಂಬರ್ 24ರಿಂದ ಜನವರಿ 1ರ ನಡುವೆ ಬರಬೇಡಿ. ಜನ ಜಾಸ್ತಿ, ದರ ಜಾಸ್ತಿ, ಗೇಟಿನಲ್ಲಿ ಗಲಾಟೆ. ಜನವರಿ ಕೊನೆ, ಫೆಬ್ರವರಿ ಮೊದಲ ವಾರ ಒಳ್ಳೆಯದು. ತೇಗ, ಮತ್ತಿ ಮರಗಳು ಎಲೆ ಉದುರಿಸಲು ಶುರು ಮಾಡಿರುತ್ತವೆ, ಕಣ್ಣು ಕಾಡಿನೊಳಗೆ ಹೋಗುತ್ತದೆ, ಚಳಿಯೂ ಉಳಿದಿರುತ್ತದೆ. ಎರಡು ರಾತ್ರಿ ಇರಿ. ಆನೆಗಳ ಆ ಫೋಟೊನೇ ಬೇಕೆಂದರೆ ಮಕ್ಕಳ ಬೇಸಿಗೆ ರಜೆಯ ತನಕ ಕಾಯಿರಿ, ನಾನೇ ಏರ್ಪಾಡು ಮಾಡಿಕೊಡುತ್ತೇನೆ.

ದುಡ್ಡು ಕಟ್ಟುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತ ಅರಣ್ಯ ಇಲಾಖೆಯಲ್ಲೇ ಕೇಳಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡಾಗ ಸರ್ಕಾರ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿತು. ರಜೆಗೆ ಬುಕ್ ಮಾಡಿದವರು ಆಗ ನನ್ನ ಮೇಲೆ ರೇಗಿದರು. ಮನೆಯವರನ್ನು ಕಳೆದುಕೊಂಡ ಊರಿನ ಮುಂದೆ ನಮ್ಮ ಜೀಪು ಓಡಿಸುವುದು ಹೇಗೆ, ನೀವೇ ಹೇಳಿ. ಇನ್ನು ಊಟಿಯನ್ನೂ ಸೇರಿಸಿಕೊಳ್ಳುವವರು ನೆನಪಿಡಿ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ. 2009ರಿಂದ ಹೀಗೇ ಇದೆ. ಗೇಟಿನಲ್ಲಿ ನಿಂತು ನನಗೆ ಫೋನ್ ಮಾಡಿದರೆ ನಾನೇನೂ ಮಾಡಲಾರೆ.

ಬೆಳಗಿನ ಜೀಪಿನಲ್ಲಿ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಬೆಂಗಳೂರಿನ ಚಳಿಯ ಲೆಕ್ಕದಲ್ಲಿ ಬರಬೇಡಿ. ಮಕ್ಕಳಿಗೆ ಟೋಪಿ, ಕಿವಿ ಮುಚ್ಚುವ ಬಟ್ಟೆ, ಒಂದು ತೆಳು ಕಂಬಳಿ ಇರಲಿ. ಬೆನ್ನುನೋವಿನ ಹಿರಿಯರಿದ್ದರೆ ಬುಕ್ ಮಾಡುವಾಗಲೇ ತಿಳಿಸಿ. ಹಿಂದಿನ ಸೀಟಿನಲ್ಲಿ ಕುಲುಕು ಜಾಸ್ತಿ, ಮುಂದಿನ ಸಾಲು ಕೇಳಿ ನೋಡುತ್ತೇನೆ. ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡಲಾರೆ.