ಸಣ್ಣ ಟ್ರ್ಯಾಕ್ಟರಿಗೆ ನೆರಳಿನ ಟಾಪು: ಪೈಪ್ ಕತ್ತರಿಸುವ ಮುನ್ನ ಮಾಡಬೇಕಾದ ಲೆಕ್ಕ

ಮಂಡ್ಯದ ಕಡೆ ಇಪ್ಪತ್ತು, ಇಪ್ಪತ್ತೈದು ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿಗೆ ಟಾಪು ಬೇಕೆಂದು ವೆಲ್ಡಿಂಗ್ ಅಂಗಡಿಗೆ ಹೋದರೆ, ಅವರು ಮೊದಲು ಕೇಳುವುದು ಉದ್ದ ಎಷ್ಟು ಅಡಿ, ಅಗಲ ಎಷ್ಟು ಅಡಿ ಎಂದು. ಮನೆಯ ಮುಂದೆ ಶೀಟು ಹೊದಿಸುವಾಗ ಆ ಪ್ರಶ್ನೆಯೇ ಸಾಕು. ಟ್ರ್ಯಾಕ್ಟರ್ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಇಂಜಿನ್ ಅದನ್ನು ದಿನವಿಡೀ ನಡುಗಿಸುತ್ತದೆ, ಬದು ಹತ್ತಿಸಿ ಇಳಿಸುವಾಗ ಇಡೀ ಚೌಕಟ್ಟು ಜಗ್ಗುತ್ತದೆ. ಟಾಪು ಹಾಳಾಗುವುದು ತನ್ನ ಭಾರಕ್ಕಿಂತ ಹೆಚ್ಚಾಗಿ ಕೆಳಗಿನಿಂದ ಎತ್ತುವ ಗಾಳಿಯಿಂದ ಮತ್ತು ಈ ಅಲುಗಾಟದಿಂದ ಎಂಬುದನ್ನು ಅಂಕಿಗಳಲ್ಲೇ ತೋರಿಸುವುದಕ್ಕಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಮೊದಲು ನೆರಳಿನ ವಿಚಾರ. ಮಂಡ್ಯ ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನಮ್ಮ ಗಡಿಯಾರದಲ್ಲಿ ಆಗ ಹನ್ನೆರಡೂಕಾಲು ದಾಟಿರುತ್ತದೆ. ಮೂರು ಗಂಟೆ ಕಳೆಯುವಷ್ಟರಲ್ಲಿ ಸೂರ್ಯ ದಿಗಂತದಿಂದ 46 ಡಿಗ್ರಿಗೆ ಇಳಿಯುತ್ತಾನೆ. ಆ ಕೋನದಲ್ಲಿ ಟಾಪು ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ದೂರ ನೆರಳು ಪಕ್ಕಕ್ಕೆ ಸರಿಯುತ್ತದೆ. ತಲೆಗಿಂತ 20 ಸೆಂ.ಮೀ. ಮೇಲಿರುವ ಟಾಪಿನ ನೆರಳು ತಲೆಯ ಮಟ್ಟದಲ್ಲಿ ಸುಮಾರು 20 ಸೆಂ.ಮೀ. ಸರಿದರೆ, ಟಾಪಿಗಿಂತ 90 ಸೆಂ.ಮೀ. ಕೆಳಗಿರುವ ತೊಡೆಯ ಮಟ್ಟದಲ್ಲಿ 87 ಸೆಂ.ಮೀ. ಸರಿದಿರುತ್ತದೆ. ಆದ್ದರಿಂದ 120 ಸೆಂ.ಮೀ. ಅಗಲದ ಟಾಪು ಆ ಹೊತ್ತಿಗೆ ತಲೆ ಮತ್ತು ಭುಜವನ್ನಷ್ಟೇ ಕಾಯುತ್ತದೆ. ಕಾಲಿಗೆ ಬಿಸಿಲು ಬೀಳುತ್ತದೆಂದು ಅಗಲವನ್ನು ಹೆಚ್ಚಿಸುವುದಕ್ಕಿಂತ ಎತ್ತರವನ್ನು ತಗ್ಗಿಸುವುದೇ ಜಾಣತನ. ಕೂತು ಸೀಟು ಒತ್ತಿದ ಮೇಲೆ ಅಲ್ಲಿಂದ ಟಾಪಿಗೆ 105 ಸೆಂ.ಮೀ. ಇದ್ದರೆ, ಗುಂಡಿಗೆ ಬಿದ್ದು ಎಗರಿದಾಗಲೂ ತಲೆ ತಾಗುವುದಿಲ್ಲ. ಉದ್ದನೆಯ ಆಳು ಓಡಿಸುವುದಾದರೆ ಅವರನ್ನೇ ಕೂರಿಸಿ ಅಳತೆ ಹಿಡಿಯಬೇಕು.

ಇನ್ನು ಗಾಳಿ. ಭರಣಿ, ಕೃತ್ತಿಕೆ ಮಳೆಗಳ ಮುಂಚೂಣಿಯಲ್ಲಿ ಬೀಸುವ ಬಿರುಗಾಳಿಯ ವೇಗವನ್ನು ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.7 ಮೀಟರ್ ಎಂದು ಹಿಡಿಯೋಣ. ಇದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 167 ನ್ಯೂಟನ್ ಒತ್ತಡ ಸಿಗುತ್ತದೆ. 1.2 ಮೀಟರ್ ಅಗಲ, 1.4 ಮೀಟರ್ ಉದ್ದದ ಟಾಪಿನ ವಿಸ್ತೀರ್ಣ 1.68 ಚದರ ಮೀಟರ್. ಆಕಾರದ ಗುಣಾಂಕವನ್ನು (ಆ ಒತ್ತಡದ ಎಷ್ಟು ಪಾಲು ಟಾಪನ್ನು ಎತ್ತುತ್ತದೆ ಎಂಬುದನ್ನು) 1 ಎಂದುಕೊಂಡರೆ ಮೇಲೆತ್ತುವ ಬಲ 280 ನ್ಯೂಟನ್, ಅಂದರೆ 28 ಕೆ.ಜಿ.ಗೂ ಹೆಚ್ಚು ತೂಕಕ್ಕೆ ಸಮ. ಈಗ ಟಾಪಿನ ತೂಕ ನೋಡೋಣ. 25 ಮಿ.ಮೀ. ಚೌಕ ಪೈಪು, 1.6 ಮಿ.ಮೀ. ದಪ್ಪದ್ದು, ಮೀಟರಿಗೆ 1.18 ಕೆ.ಜಿ. ತೂಗುತ್ತದೆ, ಸುತ್ತಲಿನ ಚೌಕಟ್ಟಿಗೆ ಮತ್ತು ಎರಡು ಅಡ್ಡಪಟ್ಟಿಗೆ 7.6 ಮೀಟರ್ ಬೇಕು, ಅದು 9 ಕೆ.ಜಿ. ಅರ್ಧ ಮಿ.ಮೀ. ಜಿಐ ಶೀಟು ಹಾಕಿದರೆ ಇನ್ನೂ ಆರೂವರೆ ಕೆ.ಜಿ. ಒಟ್ಟು ಹದಿನಾರು ಕೆ.ಜಿ. ಒಳಗಿನ ಸರಕನ್ನು ಗಾಳಿ ಇಪ್ಪತ್ತೆಂಟು ಕೆ.ಜಿ. ಬಲದಿಂದ ಎತ್ತುತ್ತಿದೆ. ಹೀಗಾಗಿ ಟಾಪು ಕಂಬದ ಮೇಲೆ ಕೂತರೆ ಸಾಲದು, ಕಂಬ ಅದನ್ನು ಕೆಳಕ್ಕೆ ಹಿಡಿದುಕೊಂಡಿರಬೇಕು. ಟಾರ್ಪಾಲನ್ನು ಬರೀ ಹಗ್ಗದಲ್ಲಿ ಬಿಗಿದವರು ಇದನ್ನು ಮೊದಲ ಮಳೆಯಲ್ಲೇ ಕಲಿಯುತ್ತಾರೆ. ಎಪ್ಪತ್ತೈದು ಪರ್ಸೆಂಟ್ ಬಿಸಿಲು ತಡೆಯುವ ಶೇಡ್ ನೆಟ್ ಗಾಳಿಯನ್ನು ಬಿಟ್ಟುಕೊಡುವುದರಿಂದ ಎತ್ತುವ ಬಲ ತಗ್ಗುತ್ತದೆ, ಆದರೆ ಅದು ಮಳೆಯನ್ನು ತಡೆಯುವುದಿಲ್ಲ.

ಕಂಬಗಳು ಹಿಂದೆ ಎರಡೇ ಇದ್ದು ಟಾಪು ಮುಂದಕ್ಕೆ ಚಾಚಿಕೊಂಡಿದ್ದರೆ ಬಾಗುವಿಕೆಯನ್ನೂ ನೋಡಬೇಕು. 16 ಕೆ.ಜಿ. ಭಾರ ಕಂಬದಿಂದ ಅರ್ಧ ಮೀಟರ್ ಮುಂದಿದೆ ಎಂದುಕೊಂಡು, ಕುಲುಕಾಟಕ್ಕಾಗಿ ಮೂರರಷ್ಟು ಮಾಡಿದರೆ ಸುಮಾರು 235 ನ್ಯೂಟನ್-ಮೀಟರ್ ಆಗುತ್ತದೆ. ಎರಡು ಕಂಬಗಳು ಹಂಚಿಕೊಂಡಾಗ 40 ಮಿ.ಮೀ. ಚೌಕ, 2 ಮಿ.ಮೀ. ದಪ್ಪದ ಪೈಪಿನಲ್ಲಿ ಚದರ ಮಿ.ಮೀ.ಗೆ 32 ನ್ಯೂಟನ್, 25 ಮಿ.ಮೀ. ಪೈಪಿನಲ್ಲಿ 107 ನ್ಯೂಟನ್ ಪ್ರತಿಬಲ (ಕಬ್ಬಿಣದೊಳಗಿನ ಒತ್ತಡ) ಬೀಳುತ್ತದೆ. ಸಾಧಾರಣ ಕಬ್ಬಿಣ 250ರ ಆಸುಪಾಸಿನಲ್ಲಿ ಬಾಗುವುದರಿಂದ ಕಾಗದದ ಮೇಲೆ ಎರಡೂ ಪಾಸು. ನಾನೂ ಹಾಗೆಯೇ ನಂಬಿ ಸಣ್ಣ ಪೈಪಿನ ಕಂಬ ನಿಲ್ಲಿಸಿದ್ದೆ. ಒಂದು ಹಂಗಾಮು ಮಣ್ಣು ಪುಡಿಮಾಡುವ ರೋಟವೇಟರ್ ಓಡಿಸಿದ ಮೇಲೆ ಬೆಸುಗೆಯ ಅಂಚಿನಲ್ಲೇ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು, ಅದರಿಂದ ತುಕ್ಕಿನ ನೀರು ಕೆಂಪಗೆ ಇಳಿದಿತ್ತು. ಲಕ್ಷಾಂತರ ಸಲ ಬಂದು ಹೋಗುವ ಬಲದ ಮುಂದೆ ಬೆಸುಗೆಯ ಅಂಚು ಆ ಲೆಕ್ಕಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ. ಅಂದಿನಿಂದ ಕಂಬಕ್ಕೆ 40ರ ಪೈಪು, ಮೂಲೆಗೆ ತ್ರಿಕೋನದ ಪಟ್ಟಿ, ಕ್ಲಾಂಪಿನ ಒಳಗೆ ಹಳೆಯ ಟೈರಿನ ರಬ್ಬರು.

ಕಂಬದ ಬುಡವನ್ನು ಮಡ್‌ಗಾರ್ಡಿಗೆ ಕೂರಿಸಬಾರದು; ಆ ತಗಡು ಹರಿಯುತ್ತದೆ. ಹಿಂದಿನ ಆಕ್ಸಲ್ ಹೌಸಿಂಗಿನಲ್ಲಿ ಖಾಲಿ ಬಿಟ್ಟಿರುವ ತೂತುಗಳಿಗೆ ದಪ್ಪ ಪ್ಲೇಟು ಬಿಗಿದು ಅದರ ಮೇಲೆ ನಿಲ್ಲಿಸಬೇಕು. ಗಾಡಿ ಉರುಳಿದಾಗ ಓಡಿಸುವವರನ್ನು ಕಾಯಲು ಕಂಪನಿಯೇ ಕೊಟ್ಟ ಕಮಾನು ಇದ್ದರೆ ಅದಕ್ಕೆ ತೂತು ಕೊರೆಯುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಸಲ್ಲದು, ಯು-ಬೋಲ್ಟಿನಿಂದ ಅಪ್ಪಿ ಹಿಡಿಸಬೇಕು. ಬೆಸುಗೆಯೆಲ್ಲವನ್ನೂ ಕೆಳಗೇ ಮುಗಿಸುವುದು ಒಳ್ಳೆಯದು. ಗಾಡಿಯ ಮೇಲೆಯೇ ಮಾಡಬೇಕಾಗಿ ಬಂದರೆ ಮೊದಲು ಬ್ಯಾಟರಿಯ ವೈರ್ ಬಿಚ್ಚಬೇಕು, ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡ್ ಸುಡಬಹುದು.

ಗಾಡಿ ಉರುಳುವಾಗ ನಾವು ಮಾಡಿದ ಟಾಪು ಯಾರನ್ನೂ ಉಳಿಸುವುದಿಲ್ಲ, ಉರುಳುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. 900 ಕೆ.ಜಿ. ಗಾಡಿ, ನೆಲದಿಂದ 65 ಸೆಂ.ಮೀ. ಎತ್ತರದಲ್ಲಿ ಗುರುತ್ವ ಕೇಂದ್ರ, ಎರಡು ಚಕ್ರಗಳ ನಡುವೆ 90 ಸೆಂ.ಮೀ. ಎಂದು ಊಹಿಸಿದರೆ, ಗಾಡಿ ಪಕ್ಕಕ್ಕೆ ಉರುಳುವ ಕೋನ ಸುಮಾರು 35 ಡಿಗ್ರಿ. ಎರಡು ಮೀಟರ್ ಎತ್ತರದಲ್ಲಿ 25 ಕೆ.ಜಿ. ಸೇರಿಸಿದರೆ ಅದು 33ಕ್ಕೆ, 60 ಕೆ.ಜಿ. ಸೇರಿಸಿದರೆ ಮೂವತ್ತೊಂದೂವರೆಗೆ ಇಳಿಯುತ್ತದೆ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತಿರುಗುವುದರಿಂದ ನಿಜವಾದ ಕೋನ ಇದಕ್ಕಿಂತಲೂ ಕಡಿಮೆಯೇ. ನಾಲೆ ಏರಿಯ ಮೇಲೆ ದಿನವೂ ಓಡಿಸುವವರಿಗೆ ಎರಡು ಡಿಗ್ರಿ ಸಣ್ಣ ಮಾತಲ್ಲ.

ಜಿಐ ಶೀಟಿನ ದೊಡ್ಡ ತೊಂದರೆ ಅದು ಕಾದು ತಲೆಯ ಮೇಲೇ ಶಾಖ ಸೂಸುವುದು. ಮೇಲ್ಭಾಗಕ್ಕೆ ಬಿಳಿ ಬಣ್ಣ ಹೊಡೆದು, ಒಂದೆರಡು ಇಂಚು ಗಾಳಿಯಾಡಲು ಬಿಟ್ಟು ಕೆಳಗೆ ತೆಳು ಬಟ್ಟೆ ಎಳೆದು ಕಟ್ಟಿದರೆ ವ್ಯತ್ಯಾಸ ಅಂಗೈಗೇ ತಿಳಿಯುತ್ತದೆ. ನೀರು ಹಿಂದಕ್ಕೆ ಇಳಿಯಲು ಎರಡು ಇಂಚು ಓಟ (ಇಳಿಜಾರು) ಸಾಕು. ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತಿರುವ ಸೈಲೆನ್ಸರಿನ ಬಾಯಿಯವರೆಗೆ ಟಾರ್ಪಾಲು ಚಾಚದಂತೆಯೂ, ಕಲ್ಟಿವೇಟರನ್ನು ಪೂರ್ತಿ ಎತ್ತಿದಾಗ ಕಂಬಕ್ಕೆ ಬಡಿಯದಂತೆಯೂ ನಿಲ್ಲಿಸಿ ನೋಡಬೇಕು. ಮದ್ದೂರಿನ ತೆಂಗಿನ ತೋಟಗಳಲ್ಲಿ ಉಳುವವರು ಟಾಪನ್ನು ಪಿನ್ನು ತೆಗೆದು ಇಳಿಸುವಂತೆಯೇ ಮಾಡಿಸಬೇಕು. ಇಳಿಬಿದ್ದ ಗರಿ ಚೌಕಟ್ಟಿಗೆ ಸಿಕ್ಕಿಕೊಂಡರೆ ಗಾಡಿ ಮುಂದಕ್ಕೆ ಹೋಗುತ್ತದೆ, ಟಾಪು ಹೋಗುವುದಿಲ್ಲ. ಜೋತುಬಿದ್ದ ಕರೆಂಟಿನ ತಂತಿಯ ಕೆಳಗೆ ಹೋಗುವಾಗಲೂ ತಲೆಯ ಮೇಲೆ ಈಗ ಕಬ್ಬಿಣವಿದೆ ಎಂಬ ನೆನಪಿರಬೇಕು.

ಎಲ್ಲ ಬಿಗಿದಾದ ಮೇಲೆ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಎರಡು ದಿನ ಉತ್ತು ಬಂದ ಮೇಲೆ ನೋಡಿದಾಗ ಯಾವ ಗೆರೆ ತುಂಡಾಗಿದೆಯೋ ಆ ನಟ್ಟು ತಿರುಗಿದೆ.